ಅಜ್ಜಂಪುರ ಮತ್ತು ಅಮೃತಮಹಲ್ ಕಾವಲುಗಳು

ಮೈಸೂರು ರಾಜ್ಯದ ಚರಿತ್ರೆಯನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವಾಗ ದೊರೆಗಳು, ದಳವಾಯಿಗಳು, ಕೋಟೆ ಕೊತ್ತಲಗಳು, ಒಪ್ಪಂದಗಳು ಇವುಗಳಿಗೆ ದೊರೆಯುವ ಸ್ಥಳ ದೊಡ್ಡದು. ತೋಪುಗಳ ಸಂಖ್ಯೆಯನ್ನೂ ಕೆಲವೊಮ್ಮೆ ಹೇಳುತ್ತೇವೆ. ಆದರೆ ಆ ತೋಪುಗಳನ್ನು ಎಳೆದ ಎತ್ತುಗಳು ಎಲ್ಲಿ ಹುಟ್ಟಿದುವು, ಯಾವ ನೆಲದ ಹುಲ್ಲನ್ನು ಮೇದುವು, ಅವುಗಳನ್ನು ಕಾಯ್ದವರಾರು ಎಂಬ ಪ್ರಶ್ನೆಗಳನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ರಾಜಧಾನಿಯನ್ನು ಬಿಟ್ಟು ಬಯಲುಸೀಮೆಯ ಹುಲ್ಲುಗಾವಲುಗಳಿಗೆ, ಅಲ್ಲಿಂದ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರವೆಂಬ ಊರಿಗೆ ಬರಬೇಕಾಗುತ್ತದೆ. ಈ ಊರನ್ನೂ, ಅಲ್ಲಿರುವ ದನಗಳ ತಳಿ ಸಂವರ್ಧನ ಕೇಂದ್ರವನ್ನೂ, ಅದಕ್ಕೆ ಆಧಾರವಾದ ಕಾವಲುಗಳ ವ್ಯವಸ್ಥೆಯನ್ನೂ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶ.

ಶಿರ್ವ, ಕಾಪು, ಕಾರ್ಕಳದ ಕಡೆಯ ವಾಚಕರಿಗೆ ಮೊದಲು ನೆಲದ ಭೇದವನ್ನು ತಿಳಿಸುವುದು ಅಗತ್ಯ. ನಮ್ಮ ಕರಾವಳಿಯಲ್ಲಿ ದನಗಳು ಗಿಡ್ಡ ಜಾತಿಯವು. ಹಾಡಿ ಗುಡ್ಡೆಗಳಲ್ಲಿ ಹಗಲೆಲ್ಲ ಮೇದು ಸಂಜೆ ಹಟ್ಟಿಗೆ ಮರಳುತ್ತವೆ. ಕೆಸರುಗದ್ದೆಯ ಭಾರವಾದ ಕೆಲಸಕ್ಕೆ ಕೋಣಗಳುಂಟು. ಮೇವಿಗೋಸ್ಕರವೆಂದು ಸಾವಿರಾರು ಎಕರೆಯ ಒಂದೇ ಹರಹಿನ ಬಯಲನ್ನು ಪ್ರಭುತ್ವವು ಮೀಸಲಿಡುವುದೆಂಬುದು ಈ ಗುಡ್ಡ ಬೈಲುಗಳ ನಾಡಿನಲ್ಲಿ ಊಹೆಗೆ ನಿಲುಕುವ ಸಂಗತಿಯಲ್ಲ. ಕಾರ್ಕಳದಿಂದ ಘಟ್ಟವೇರಿ ಮಲೆನಾಡನ್ನು ದಾಟಿ ತರೀಕೆರೆಯ ಪೂರ್ವಕ್ಕೆ ಸಾಗಿದರೆ ಕಾಡು ಕ್ರಮೇಣ ತೆಳುವಾಗಿ, ಮಳೆ ಕಡಿಮೆಯಾಗಿ, ಕುರುಚಲು ಗಿಡಗಳಿಂದ ಕೂಡಿದ ಏರಿಳಿತದ ಬಯಲು ಕಣ್ಣಿಗೆ ಬೀಳುತ್ತದೆ. ಅಜ್ಜಂಪುರವಿರುವುದು ಹೀಗೆ ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಅಂಚಿನಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯಲ್ಲಿ ಬೀರೂರನ್ನು ದಾಟಿದ ಮೇಲೆ ಈ ನಿಲ್ದಾಣ ಸಿಕ್ಕುತ್ತದೆ. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಚೆಗೆ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಸಾಹಿತ್ಯದ ವಿದ್ಯಾರ್ಥಿಗಳು ಸಣ್ಣಕತೆಗಾರರಾದ 'ಆನಂದ'ರ, ಎಂದರೆ ಅಜ್ಜಂಪುರ ಸೀತಾರಾಮರ, ಹೆಸರಿನೊಡನೆ ಇದನ್ನು ಕೇಳಿರುತ್ತಾರೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ತರೀಕೆರೆಯ ಸಮೀಪದಲ್ಲಿಯೇ ಅಮೃತಾಪುರವೆಂಬ ಗ್ರಾಮವಿದ್ದು, ಅಲ್ಲಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕನು ೧೧೯೬ರಲ್ಲಿ ಕಟ್ಟಿಸಿದ ಸುಪ್ರಸಿದ್ಧ ಹೊಯ್ಸಳ ದೇವಾಲಯವಿದೆ. ಅಮೃತಮಹಲ್ ಎಂಬ ಹೆಸರು ಆ ಊರಿನಿಂದ ಬಂದುದೆಂದು ಕೆಲವರು ಭಾವಿಸುವುದುಂಟು. ಎರಡಕ್ಕೂ ನಡುವೆ ಸುಮಾರು ಆರು ಶತಮಾನಗಳ ಅಂತರವಿದೆ, ಸಂಬಂಧವೇನೂ ಇಲ್ಲ. 'ಮಹಲ್' ಎಂದರೆ ಅರಮನೆಯೆಂದು ತಿಳಿಯುವುದೂ ಸರಿಯಲ್ಲ. ಪಾರಸಿಯ ಆಡಳಿತ ಪರಿಭಾಷೆಯಲ್ಲಿ ಆ ಪದಕ್ಕೆ ಕಂದಾಯದ ಒಂದು ವಿಭಾಗ, ಒಂದು ಇಲಾಖೆ ಎಂಬ ಅರ್ಥವಿದೆ. ಅಮೃತಮಹಲ್ ಎಂಬುದು ಮೂಲತಃ ದನದ ಜಾತಿಯ ಹೆಸರಲ್ಲ, ಸರ್ಕಾರದ ಒಂದು ಇಲಾಖೆಯ ಹೆಸರು. ಮುಂದೆ ಹೇಳಲಿರುವ ಎಲ್ಲಕ್ಕೂ ಈ ಅಂಶವು ಬುನಾದಿಯಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ದನಕ್ಕೂ ಪ್ರಭುತ್ವಕ್ಕೂ ಇರುವ ನಂಟು ಕನ್ನಡ ನಾಡಿನಲ್ಲಿ ಬಹಳ ಹಳೆಯದು. ತುರುಗೋಳಿನಲ್ಲಿ, ಎಂದರೆ ಶತ್ರುಗಳು ಹಿಡಿದೊಯ್ಯುತ್ತಿದ್ದ ದನಗಳನ್ನು ಮರಳಿಸುವ ಹೋರಾಟದಲ್ಲಿ, ಮಡಿದವರ ವೀರಗಲ್ಲುಗಳು ಬಯಲುಸೀಮೆಯ ಊರೂರಿನಲ್ಲಿಯೂ ನಿಂತಿವೆ. ಭಾಷೆಯೂ ಇದಕ್ಕೆ ಸಾಕ್ಷಿ. ನಮ್ಮ ಕರಾವಳಿಯಲ್ಲಿ ಹಟ್ಟಿಯೆಂದರೆ ದನಗಳನ್ನು ಕಟ್ಟುವ ಕೊಟ್ಟಿಗೆ. ಚಿತ್ರದುರ್ಗ, ತುಮಕೂರಿನ ಸೀಮೆಯಲ್ಲಿ ಹಟ್ಟಿಯೆಂದರೆ ಜನ ವಾಸಿಸುವ ಊರು. ಗೊಲ್ಲರಹಟ್ಟಿಗಳನ್ನು ಅಲ್ಲಿ ಎಲ್ಲಿ ಬೇಕಾದರೂ ಕಾಣಬಹುದು. ದನಗಳ ಆವರಣದ ಸುತ್ತಲೇ ಮನೆಗಳು ಹುಟ್ಟಿಕೊಂಡ ನಾಡಿನಲ್ಲಿ ಆ ಪದ ಹೀಗೆ ಅರ್ಥವನ್ನು ಹಿಗ್ಗಿಸಿಕೊಂಡುದು ಆಶ್ಚರ್ಯವಲ್ಲ.

ಅಮೃತಮಹಲಿನ ಪೂರ್ವಚರಿತ್ರೆಗೆ ನಮಗೆ ದೊರೆಯುವ ಮುಖ್ಯ ಆಧಾರಗಳು ಹತ್ತೊಂಬತ್ತನೆಯ ಶತಮಾನದ ಬರಹಗಳು. ೧೮೦೦-೦೧ರಲ್ಲಿ ಸಂಚರಿಸಿದ ಬುಕಾನನ್, ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸ್, ಗ್ಯಾಸೆಟಿಯರನ್ನು ಸಂಪಾದಿಸಿದ ಲೂಯಿ ರೈಸ್, ಅದನ್ನು ಇಪ್ಪತ್ತನೆಯ ಶತಮಾನದಲ್ಲಿ ಪರಿಷ್ಕರಿಸಿದ ಹಯವದನರಾಯರು ಇವರೆಲ್ಲರೂ ದನಗಳ ಬಗ್ಗೆ ಬರೆದಿದ್ದಾರೆ. ಇವುಗಳಲ್ಲಿ ರೈಸ್ ಅವರ ಸಂಗ್ರಹವನ್ನೇ ಅನಂತರದವರೆಲ್ಲ ಅನುಸರಿಸಿರುವುದು ಕಂಡುಬರುತ್ತದೆ. ಅದರಂತೆ, ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ಅಧಿಕಾರಿಯು ೧೫೭೨ರಿಂದ ೧೬೦೦ರ ಒಳಗೆ ವಿಜಯನಗರದಿಂದ ಹಳ್ಳಿಕಾರ್ ಜಾತಿಯ ಕೆಲವು ಹಸುಗಳನ್ನು ತರಿಸಿಕೊಂಡನು. ಅವುಗಳ ಮೇವಿಗೆ ಕೆಲವು ಕಾವಲುಗಳನ್ನು ಗೊತ್ತುಮಾಡಲಾಯಿತು. ಶ್ರೀರಂಗಪಟ್ಟಣವು ಒಡೆಯರ ವಶವಾದಾಗ ಈ ದನಗಳೂ ಅವರಿಗೆ ಸೇರಿದುವು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು, ಚಿಕ್ಕದೇವರಾಜ ಒಡೆಯರು ತಂತಮ್ಮ ಕಾಲದಲ್ಲಿ ಮಂದೆಗಳನ್ನು ಹೆಚ್ಚಿಸಿ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಕಾವಲುಗಳನ್ನು ಬಿಟ್ಟುಕೊಟ್ಟರು.

೧೬೭೨ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದುದನ್ನು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಅವುಗಳಲ್ಲಿ ಬೆಣ್ಣೆ ಚಾವಡಿಯೂ ಒಂದು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದೂ, ದನಗಳನ್ನು ವೃದ್ಧಿಪಡಿಸುವುದೂ ಅದರ ಹೊಣೆ. ದೊರೆಯ ಹೆಸರಿನ 'ದೇ' ಎಂಬ ಅಕ್ಷರವನ್ನು ದನಗಳಿಗೆ ಮುದ್ರೆಯಾಗಿ ಒತ್ತುತ್ತಿದ್ದರೆಂದು ಹೇಳಿಕೆಯುಂಟು. ಹೆಸರಿನಲ್ಲಿ ಬೆಣ್ಣೆಯಿದ್ದರೂ, ಈ ಜಾತಿಯ ಹಸುಗಳು ಹಾಲಿನಲ್ಲಿ ಹಿಂದೆ ಎಂಬುದನ್ನು ಗಮನಿಸಬೇಕು. ಕರುವಿಗೆ ಬಿಟ್ಟು ಉಳಿಯುವುದು ಅತ್ಯಲ್ಪ. ಅರಮನೆಯ ಬೆಣ್ಣೆಯು ಹಸುಗಳ ಸಂಖ್ಯೆಯಿಂದ ದೊರೆಯುತ್ತಿದ್ದಿತೇ ಹೊರತು ಹಾಲಿನ ಸಮೃದ್ಧಿಯಿಂದಲ್ಲ.

ಹೈದರ್ ಅಲಿಯ ಕಾಲದಲ್ಲಿ ಈ ಸಂಸ್ಥೆಯ ಸ್ವರೂಪವೇ ಬದಲಾಯಿತು. ಬೆಣ್ಣೆಗಿಂತ ಎತ್ತು ಮುಖ್ಯವಾಯಿತು. ಅವನು ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಗೆಲ್ಲುತ್ತ ಹೋದಂತೆ ಅವರ ಮಂದೆಗಳೂ ಅವನ ವಶವಾದುವು. ಚಿತ್ರದುರ್ಗವು ಬಿದ್ದುದು ೧೭೭೯ರಲ್ಲಿ. ಮುಂದೆ ಟಿಪ್ಪುವು ಹಾಗಲವಾಡಿ ಪಾಳೆಯಗಾರರ ದನಗಳನ್ನೂ ಸೇರಿಸಿಕೊಂಡನು. ಹೀಗಾಗಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಪ್ರಭೇದಗಳು ಈ ಇಲಾಖೆಯಲ್ಲಿದ್ದು, ೧೮೬೦ರವರೆಗೂ ಅವನ್ನು ಬೇರೆ ಬೇರೆಯಾಗಿಯೇ ಸಾಕಲಾಗುತ್ತಿತ್ತು. ನಾವು ಇಂದು ಅಮೃತಮಹಲ್ ಎಂದು ಕರೆಯುವ ಜಾತಿಯು ಸೋತ ಪಾಳೆಯಪಟ್ಟುಗಳ ಆಸ್ತಿಯಿಂದ ಕೂಡಿಬಂದುದೆಂಬುದನ್ನು ಅದರ ಕೀರ್ತಿಯನ್ನು ಹಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಹೈದರನ ಬಳಿ ಅರವತ್ತು ಸಾವಿರ ಎತ್ತುಗಳಿದ್ದುವೆಂಬ ಮಾತು ಗ್ರಂಥಗಳಲ್ಲಿ ಕಂಡುಬರುತ್ತದೆ. ಇದನ್ನು ಎಣಿಕೆಯೆಂದು ತಿಳಿಯದೆ ಅಂದಾಜೆಂದು ತಿಳಿಯುವುದು ಒಳ್ಳೆಯದು.

ಎತ್ತುಗಳಿಂದ ಯುದ್ಧಕ್ಕೇನಾಯಿತು? ಹದಿನೆಂಟನೆಯ ಶತಮಾನದ ಸೈನ್ಯವು ತನ್ನ ತೋಪು, ಮದ್ದು, ದವಸಗಳ ವೇಗದಲ್ಲಿ ಮಾತ್ರ ಚಲಿಸಬಲ್ಲುದಾಗಿತ್ತು. ಕಂಪೆನಿಯ ಸೈನ್ಯವು ಬಾಡಿಗೆಯ ಎತ್ತುಗಳನ್ನು ನಂಬಿಕೊಂಡು, ದಾರಿಯಲ್ಲಿ ಅವು ಸತ್ತಾಗ ತೋಪುಗಳನ್ನು ಬಿಟ್ಟು ಹಿಂದಿರುಗಬೇಕಾದ ಪ್ರಸಂಗಗಳುಂಟು. ಮೈಸೂರಿನ ಎತ್ತುಗಳಾದರೋ ಕಾಲಾಳುಗಳ ನಡಿಗೆಗಿಂತ ಬಿರುಸಾಗಿ ನಡೆಯುತ್ತಿದ್ದುವು. ೧೭೮೧ರಲ್ಲಿ ಹೈದರನು ಚಿದಂಬರದ ಕಡೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದುದೂ, ಸೋತ ಮೇಲೂ ಶತ್ರುವಿನ ಕಣ್ಣೆದುರಿನಲ್ಲಿಯೇ ತನ್ನ ತೋಪುಗಳನ್ನು ಎಳೆಸಿಕೊಂಡು ಹೋದುದೂ ಈ ಎತ್ತುಗಳ ಬಲದಿಂದಲೇ ಎಂದು ರೈಸ್ ಅವರು ಬರೆದಿದ್ದಾರೆ.

ಇದರಲ್ಲಿ ನಮ್ಮ ಕರಾವಳಿಗೂ ಒಂದು ಪಾಲಿದೆ. ೧೭೮೩ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನು ಹತ್ತಿ ಬಿದನೂರನ್ನು ವಶಪಡಿಸಿಕೊಂಡನು. ಆಗ ಟಿಪ್ಪುವು ಪೂರ್ವದ ರಣರಂಗದಿಂದ ಪರ್ಯಾಯದ್ವೀಪವನ್ನು ಅಡ್ಡಹಾದು ಬಂದು ಆ ಬೇಸಿಗೆಯಲ್ಲಿಯೇ ಬಿದನೂರನ್ನು ಮರಳಿ ಪಡೆದು, ಕೆಳಗಿಳಿದು ಮಂಗಳೂರಿಗೆ ಮುತ್ತಿಗೆ ಹಾಕಿದನು. ಆ ಮುತ್ತಿಗೆ ಮುಗಿದು ೧೭೮೪ರ ಮಾರ್ಚಿ ೧೧ರಂದು ಮಂಗಳೂರಿನ ಒಪ್ಪಂದವಾದುದು ಎಲ್ಲರಿಗೂ ತಿಳಿದಿದೆ. ಈ ಓಟವನ್ನು ಒಂದು ತಿಂಗಳೊಳಗೆ ಮುಗಿಸಿದುದು ಅಮೃತಮಹಲಿನ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಕೋಟೆಯೊಳಗೆ ಉಪವಾಸ ಬಿದ್ದ ಸೈನಿಕರ ಕತೆಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಕೋಟೆಯ ಹೊರಗೆ ತೋಪುಗಳನ್ನು ತಂದು ನಿಲ್ಲಿಸಿದ ಎತ್ತುಗಳು ಬಯಲುಸೀಮೆಯ ಕಾವಲುಗಳಲ್ಲಿ ಬೆಳೆದುವೆಂಬುದನ್ನೂ ತಿಳಿದರೆ ಚಿತ್ರವು ಪೂರ್ತಿಯಾಗುತ್ತದೆ.

ಬೆಣ್ಣೆ ಚಾವಡಿಯ ಹೆಸರನ್ನು ಅಮೃತಮಹಲ್ ಎಂದು ಬದಲಾಯಿಸಿದವನು ಟಿಪ್ಪು. ಸಂಸ್ಕೃತದ ಅಮೃತಕ್ಕೆ ಪಾರಸಿ ಪರಿಭಾಷೆಯ ಮಹಲ್ ಸೇರಿತು. ಹೆಸರಿನಲ್ಲಿ ಹಾಲಿನ ನೆನಪು ಉಳಿಯಿತು, ಕೆಲಸ ಮಾತ್ರ ದಂಡಿನದು. ಹೆಸರಿಗಿಂತ ಮುಖ್ಯವಾದುದು ಅವನು ಹೊರಡಿಸಿದ ಹುಕುಂನಾಮೆ. ಮಂದೆಗಳ ಪಾಲನೆಗೆ ಸಂಬಂಧಿಸಿದ ನಿಯಮಗಳು ಅದರಲ್ಲಿದ್ದು, ಇಂಗ್ಲಿಷರ ಆಡಳಿತ ಬಂದ ಮೇಲೂ ಅವನ್ನು ಬಹುಮಟ್ಟಿಗೆ ಅನುಸರಿಸಲಾಯಿತು. ವರ್ಷಕ್ಕೊಮ್ಮೆ ನಡೆಯುವ ಮಂದೆಗಳ ಎಣಿಕೆಗೆ ಅವನೇ ಬಂದು ನೋಡಿ ಇನಾಮು ಕೊಡುತ್ತಿದ್ದನಂತೆ. ಈ ಸಂಸ್ಥೆಯ ಕರ್ತೃತ್ವವನ್ನು ಒಡೆಯರಿಗೆ ಸಲ್ಲಿಸಬೇಕೋ ಹೈದರ್ ಟಿಪ್ಪುಗಳಿಗೆ ಸಲ್ಲಿಸಬೇಕೋ ಎಂದು ಆಗಾಗ ಚರ್ಚೆಯಾಗುವುದುಂಟು. ದನಗಳನ್ನೂ ಕಾವಲುಗಳನ್ನೂ ಕೂಡಿಸಿದವರು ಒಡೆಯರು. ಅವನ್ನು ಯುದ್ಧಯಂತ್ರವನ್ನಾಗಿ ಮಾರ್ಪಡಿಸಿದವನು ಹೈದರ್. ಬರಹದ ಕಟ್ಟಳೆಗೆ ಒಳಪಡಿಸಿದವನು ಟಿಪ್ಪು. ಇಷ್ಟನ್ನು ಒಪ್ಪಿದರೆ ಚರ್ಚೆಗೆ ಹೆಚ್ಚಿನ ಎಡೆಯಿಲ್ಲವೆಂದು ನನ್ನ ಅಭಿಪ್ರಾಯ. ಚರ್ಚೆಯಲ್ಲಿ ಯಾರೂ ಹೆಸರಿಸದ ಮತ್ತೊಂದು ಪಕ್ಷವೆಂದರೆ ದನಗಳೊಡನೆ ವರ್ಷವೆಲ್ಲ ಬಯಲಿನಲ್ಲಿ ಕಳೆದ ಗೊಲ್ಲರೇ ಮೊದಲಾದ ಕಾಯುವವರು. ಈ ದನಗಳು ಹೊರಗಿನವರನ್ನು ಕಂಡರೆ ಬೆದರುವ, ಇರಿಯಲು ಬರುವ ಸ್ವಭಾವದವು. ಪರಿಚಿತನ ಕೂಗಿಗೆ ಮಾತ್ರ ತಿರುಗುತ್ತವೆ. ಹುಕುಂನಾಮೆಯನ್ನು ಬರೆದವರು ಶ್ರೀರಂಗಪಟ್ಟಣದಲ್ಲಿದ್ದರು; ಅದನ್ನು ನಡೆಯಿಸಿದ ವಿದ್ಯೆ ಕಾವಲಿನಲ್ಲಿ ತಂದೆಯಿಂದ ಮಗನಿಗೆ ಬಂದುದು.

ಇನ್ನು ಕಾವಲುಗಳ ವಿಚಾರ. ಇದೇ ಈ ವಿಷಯದ ತಿರುಳು. ಕಾವಲೆಂದರೆ ಕೇವಲ ಹುಲ್ಲು ಬೆಳೆಯುವ ಬಯಲಲ್ಲ. ಕಾಯ್ದಿಟ್ಟ ಬಯಲು ಎಂಬುದು ಪದದಲ್ಲಿಯೇ ಅಡಗಿದೆ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಮಳೆ ಬಿದ್ದೊಡನೆ ಹಸುರೇಳುವ, ನೀರು ನಿಲ್ಲದ ಎತ್ತರದ ಬಯಲುಗಳು ಮಳೆಗಾಲಕ್ಕೆ ತಕ್ಕವು. ಮಳೆ ನಿಂತ ಮೇಲೂ ಹುಲ್ಲು ಒಣಗದೆ ನಿಲ್ಲುವೆಡೆಗಳು ಚಳಿಗಾಲಕ್ಕೆ. ಬೇಸಿಗೆಯಲ್ಲಿ ನೀರೂ ನೆರಳೂ ಬೇಕಾದುದರಿಂದ ಮರಗಳಿರುವ, ಕೆರೆಯಂಗಳಗಳಿಗೆ ಹತ್ತಿರವಾದ ಕಾವಲುಗಳನ್ನು ಆಗ ಉಪಯೋಗಿಸುತ್ತಿದ್ದರು. ಮಂದೆಗಳು ಋತುವಿನಿಂದ ಋತುವಿಗೆ ಒಂದು ಸೀಮೆಯಿಂದ ಮತ್ತೊಂದು ಸೀಮೆಗೆ ನಡೆದು ಹೋಗುತ್ತಿದ್ದುವು. ಒಂದು ಕಾವಲು ದನಗಳಿಂದ ತುಂಬಿದ್ದಾಗ ಇನ್ನೆರಡು ಬಗೆಯ ಕಾವಲುಗಳು ಬರಿದಾಗಿದ್ದು ಹುಲ್ಲು ಮತ್ತೆ ಚಿಗುರಿ ಬೀಜ ಕಟ್ಟಲು ಅವಕಾಶವಾಗುತ್ತಿತ್ತು.

ಈ ನಡಿಗೆಯಿಂದ ಎರಡು ಕೆಲಸಗಳು ಒಮ್ಮೆಗೇ ನೆರವೇರುತ್ತಿದ್ದುವು. ಹುಲ್ಲು ಉಳಿಯುತ್ತಿತ್ತು; ದನವೂ ತಯಾರಾಗುತ್ತಿತ್ತು. ಹುಟ್ಟಿದಂದಿನಿಂದ ಕೊಟ್ಟಿಗೆಯನ್ನು ಕಾಣದೆ, ಬಿಸಿಲು ಮಳೆ ಚಿರತೆಗಳ ನಡುವೆ ಬೆಳೆದು, ವರ್ಷಕ್ಕೆ ಎಷ್ಟೋ ಹರದಾರಿ ನಡೆದ ಕರುವು ಎತ್ತಾದಾಗ ನಡಿಗೆಯೇ ಅದರ ಸ್ವಭಾವವಾಗಿರುತ್ತಿತ್ತು. ಅಗಲ ಕಿರಿದಾದ ಉದ್ದನೆಯ ಮುಖ, ಬುಡದಲ್ಲಿ ಒತ್ತಾಗಿದ್ದು ಹಿಂದಕ್ಕೆ ಬಾಗಿ ಮೇಲೆದ್ದು ಮೊನೆಯಾಗುವ ಕೊಂಬು, ಬಿಗಿಯಾದ ಮೈ, ಗಟ್ಟಿ ಗೊರಸು, ಬೂದುಬಣ್ಣ ಇವು ಈ ಜಾತಿಯ ಲಕ್ಷಣಗಳು. ಪಶುವೈದ್ಯ ಶಾಸ್ತ್ರದ ಗ್ರಂಥಗಳು ಇವನ್ನು ವಂಶಗುಣಗಳೆಂದು ವರ್ಣಿಸುತ್ತವೆ. ಅದು ನಿಜ. ಆದರೆ ಇತಿಹಾಸದ ವಿದ್ಯಾರ್ಥಿಯು ಇನ್ನೊಂದು ಮಾತನ್ನು ಸೇರಿಸಬೇಕು: ವಂಶವನ್ನು ಆರಿಸಿದವನು ಮನುಷ್ಯನಾದರೂ, ಆ ಆಯ್ಕೆ ನಡೆದುದು ಒಂದು ಭೂವ್ಯವಸ್ಥೆಯ ಒಳಗೆ. ಹಳ್ಳಿಕಾರ್ ಜಾತಿಯ ಹಸುವು ರೈತನ ಮನೆಯಲ್ಲಿ ಹಳ್ಳಿಕಾರ್ ಆಗಿಯೇ ಉಳಿಯಿತು. ಕಾವಲಿನಲ್ಲಿ ಬೆಳೆದು ಬೇರೆ ಜಾತಿಯೆನಿಸಿಕೊಂಡಿತು.

ಈ ಕಾವಲುಗಳ ವಿಸ್ತಾರವೆಷ್ಟು? ಹಿಂದೆ ೨೪೦ ಕಾವಲುಗಳಿದ್ದು ಅವುಗಳ ಒಟ್ಟು ವಿಸ್ತೀರ್ಣ ೪,೧೩,೫೩೯ ಎಕರೆಗಳೆಂದು ಇಲಾಖೆಯ ಬರಹಗಳಲ್ಲಿ ಕೊಟ್ಟಿರುವ ಲೆಕ್ಕವಿದೆ. ಇಂದಿನ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಅವು ಹರಡಿದ್ದುವು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಮಂದೆಗಳು ಗೆದ್ದವರ ಕೈಸೇರಿದುವು. ಕಂಪೆನಿಯ ಸೈನ್ಯಕ್ಕೆ ಎತ್ತುಗಳನ್ನು ಒದಗಿಸತಕ್ಕದ್ದೆಂಬ ನಿಬಂಧನೆಯೊಡನೆ ಮೈಸೂರಿನ ಹೊಸ ಸರ್ಕಾರಕ್ಕೆ ಅವುಗಳ ಪಾಲನೆಯನ್ನು ವಹಿಸಲಾಯಿತು. ತಮಗಿಲ್ಲದ ಉಪಯೋಗಕ್ಕಾಗಿ ಮಂದೆಯನ್ನು ಕಾಯುವ ಉತ್ಸಾಹ ಯಾರಿಗಿದ್ದೀತು? ದನಗಳು ಕ್ಷೀಣಿಸಿದುವು. ೧೮೧೩ರಲ್ಲಿ ಮದರಾಸು ಕಮಿಸ್ಸರಿಯೇಟಿನ ಕ್ಯಾಪ್ಟನ್ ಹಾರ್ವೆಯು ಆಡಳಿತವನ್ನು ವಹಿಸಿಕೊಂಡ ಮೇಲೆ ಸ್ಥಿತಿ ಸುಧಾರಿಸಿತು. ಈ ನಡುವೆ ಮೈಸೂರಿನಲ್ಲಿ ಸೇನಾಧಿಪತಿಯಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಧೋಂಡಿಯಾ ವಾಘನನ್ನು ಬೆನ್ನಟ್ಟುವಾಗಲೂ, ೧೮೦೩ರ ಮರಾಠಾ ಯುದ್ಧದಲ್ಲಿಯೂ ಈ ಎತ್ತುಗಳ ಬೆಲೆಯನ್ನು ಅರಿತನು. ಆ ವರ್ಷಗಳ ಅವನ ಪತ್ರಗಳಲ್ಲಿ ಎತ್ತುಗಳ ಮಾತು ಮತ್ತೆ ಮತ್ತೆ ಬರುತ್ತದೆ. ಮುಂದೆ ೧೮೪೨ರ ಅಫಘಾನಿಸ್ತಾನದ ಯುದ್ಧಕ್ಕೂ ಮೈಸೂರಿನ ಇನ್ನೂರಕ್ಕೂ ಮಿಕ್ಕ ಎತ್ತುಗಳು ಹೋಗಿದ್ದುವು.

ಹುಣಸೂರು ಆಗ ಇಲಾಖೆಯ ಕೇಂದ್ರ. ಕರುಗಳು ನಾಲ್ಕು ವರ್ಷ ಕಳೆಯುವವರೆಗೆ ಕಾವಲುಗಳಲ್ಲಿದ್ದು ಅನಂತರ ಹುಣಸೂರಿನ ಡಿಪೋಗೆ ಬಂದು ಅಲ್ಲಿ ನೊಗಕ್ಕೆ ಪಳಗುತ್ತಿದ್ದುವು. ಡಿಪೋದ ಜೊತೆಯಲ್ಲಿ ಚರ್ಮ ಹದಮಾಡುವ ಮತ್ತು ಕಂಬಳಿ ನೇಯುವ ಕಾರ್ಖಾನೆಗಳೂ ೧೮೬೪ರವರೆಗೆ ಅಲ್ಲಿದ್ದುವು. ಕಾಡುಮೃಗದಂತೆ ಬೆಳೆದ ಹೋರಿಯನ್ನು ಪಳಗಿಸುವುದು ಸುಲಭವಲ್ಲವೆಂದೂ, ಒಮ್ಮೆ ಪಳಗಿದರೆ ಹಲವು ವರ್ಷ ಕುಂದದೆ ದುಡಿಯುವುದೆಂದೂ ಬಲ್ಲವರು ಬರೆದಿಟ್ಟಿದ್ದಾರೆ.

೧೮೬೦ರಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರಿವೆಲಿಯನ್ ಅವರು ಮಿತವ್ಯಯದ ಉದ್ದೇಶದಿಂದ ಇಡೀ ಸಂಸ್ಥೆಯನ್ನೇ ಎತ್ತಿಹಾಕಿ ಮಂದೆಗಳನ್ನು ಹರಾಜು ಮಾಡಿಸಿದರು. ಈಜಿಪ್ಟಿನ ಪಾಷಾನು ಅನೇಕ ದನಗಳನ್ನು ಕೊಂಡನು. ಉಳಿದುವು ರೈತರ, ವ್ಯಾಪಾರಿಗಳ ಪಾಲಾದುವು. ಸೈನ್ಯಕ್ಕೆ ಬೇಕಾದ ಎತ್ತುಗಳನ್ನು ಸಂತೆಯಲ್ಲಿ ಕೊಳ್ಳಬಹುದೆಂಬುದು ಲೆಕ್ಕಾಚಾರ. ಸಂತೆಯಲ್ಲಿ ಅಂಥ ಎತ್ತು ಸಿಕ್ಕಲಿಲ್ಲ. ಐದಾರು ವರ್ಷಗಳಲ್ಲಿಯೇ ತಪ್ಪು ತಿಳಿದು, ೧೮೬೬ರ ಸುಮಾರಿಗೆ ಸಂಸ್ಥೆಯನ್ನು ಮತ್ತೆ ಸ್ಥಾಪಿಸಬೇಕಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಇದಕ್ಕೆ ನೆರವಾದರು. ಚದುರಿಹೋದ ಹಸುಗಳಲ್ಲಿ ಸಿಕ್ಕಷ್ಟನ್ನು ಹುಡುಕಿ ಕೊಂಡು ತರಲಾಯಿತು. ಹೀಗೆ ಮರಳಿ ಕೂಡಿಸಿದಾಗ ಹಳೆಯ ಮೂರು ಪ್ರಭೇದಗಳ ವಿಂಗಡಣೆ ಉಳಿಯಲಿಲ್ಲ. ಇಂದಿನ ಅಮೃತಮಹಲ್ ಜಾತಿಯೆಂಬುದು ಒಂದರ್ಥದಲ್ಲಿ ೧೮೬೬ರ ಅನಂತರದ ಸೃಷ್ಟಿ. ಇಷ್ಟಾದರೂ ಮತ್ತೆ ಕಟ್ಟುವುದು ಸಾಧ್ಯವಾದುದು ಏಕೆಂಬುದು ವಿಚಾರಾರ್ಹ. ದನಗಳನ್ನು ಮಾರಿದ್ದರೂ ನೆಲ ಉಳಿದಿತ್ತು. ಕಾವಲುಗಳು ಕಾದಿದ್ದುವು, ಕಾಯುವ ವಿದ್ಯೆಯನ್ನು ಬಲ್ಲವರೂ ಬದುಕಿದ್ದರು.

೧೮೮೧ರಲ್ಲಿ ರಾಜ್ಯವು ಒಡೆಯರಿಗೆ ಹಿಂದಿರುಗಿದ ತರುವಾಯ, ೧೮೮೨ರಲ್ಲಿ ಮದರಾಸು ಸರ್ಕಾರವು ಅಮೃತಮಹಲನ್ನು ಮೈಸೂರಿಗೆ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಎತ್ತುಗಳ ಸೈನಿಕ ಪ್ರಾಮುಖ್ಯ ತಗ್ಗುತ್ತ ಬಂದಿತ್ತು. ರೈಲುದಾರಿಗಳು ಹರಡಿದುವು. ಅಜ್ಜಂಪುರದ ಮೂಲಕ ಹಾದ ದಾರಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದೇ. ಎತ್ತು ಹದಿನೈದು ದಿನದಲ್ಲಿ ಎಳೆದುದನ್ನು ಉಗಿಬಂಡಿ ಒಂದು ದಿನದಲ್ಲಿ ಎಳೆಯಿತು. ೧೯೨೩ರಲ್ಲಿ ಇಲಾಖೆಯು ಸೈನ್ಯದ ಕೈಯಿಂದ ವ್ಯವಸಾಯ ಇಲಾಖೆಯ ಕೈಗೆ ಬಂದಿತು. ಆಗ ಆ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವರು ಲೆಸ್ಲಿ ಕೋಲ್ಮನ್ನರು. ದಂಡಿಗಾಗಿ ಇದ್ದ ದನವು ರೈತನಿಗಾಗಿ ಇರಬೇಕೆಂದು ಈ ವರ್ಗಾವಣೆಯಿಂದ ನಿರ್ಣಯವಾದಂತಾಯಿತು. ೧೯೨೯ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರವು ನೆಲೆಗೊಂಡಿತು. ಆಯ್ದ ಹಸುಗಳನ್ನು ಒಂದೆಡೆಯಲ್ಲಿ ಸಾಕಿ, ವಂಶಾವಳಿಯನ್ನು ಬರೆದಿಟ್ಟು, ಉತ್ತಮ ಹೋರಿಗಳನ್ನು ಹಳ್ಳಿಗಳಿಗೆ ಒದಗಿಸುವುದು ಅದರ ಉದ್ದೇಶ. ಮುಂದೆ ಅದು ಪಶುಪಾಲನಾ ಇಲಾಖೆಗೆ ಸೇರಿತು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿಯೂ ಇದೇ ಜಾತಿಯ ಕೇಂದ್ರವೊಂದಿದ್ದು, ಅದು ಈಗ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಅಂಗವಾಗಿದೆ.

ಹೀಗೆ ಊರೂರು ಅಲೆಯುತ್ತಿದ್ದ ಒಂದು ಇಲಾಖೆಗೆ ನೆಲೆಯಾದುದರಿಂದ ಅಜ್ಜಂಪುರಕ್ಕೆ ಹೆಸರು ಬಂದಿತು. ಬೀರೂರು, ಲಿಂಗದಹಳ್ಳಿ, ಹಬ್ಬನಘಟ್ಟ, ಬಾಸೂರು ಮೊದಲಾದ ಸುತ್ತಣ ಕಾವಲುಗಳಲ್ಲಿ ಕೇಂದ್ರದ ಮಂದೆಗಳು ಮೇಯುತ್ತವೆ. ಆದರೆ ಅಜ್ಜಂಪುರದ ಬೆಳವಣಿಗೆಯೂ ಕಾವಲುಗಳ ಕುಗ್ಗುವಿಕೆಯೂ ಜೊತೆಜೊತೆಯಾಗಿಯೇ ನಡೆದುವೆಂಬುದನ್ನು ಮರೆಮಾಚಲಾಗದು. ಎರಡನೆಯ ಮಹಾಯುದ್ಧದ ಕಾಲದಿಂದ ನಡೆದ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿಯಲ್ಲಿ ಕಾವಲುಗಳು ಸಾಗುವಳಿಗೆ ಹೋದುವು. ಭೂಮಿಯಿಲ್ಲದವರಿಗೆ ಭೂಮಿ ಬೇಕಾಗಿತ್ತು. ದೇಶಕ್ಕೆ ಅನ್ನ ಬೇಕಾಗಿತ್ತು. ಆ ನಿರ್ಧಾರವನ್ನು ಇಂದು ಕುಳಿತು ಹಳಿಯುವುದು ನ್ಯಾಯವಲ್ಲ. ಅನಂತರ ಬೇರೆ ಬೇರೆ ಸಂಸ್ಥೆಗಳಿಗೂ ಇತರ ಉಪಯೋಗಗಳಿಗೂ ತುಂಡುತುಂಡಾಗಿ ಕೊಡುತ್ತ ಬಂದು, ಹಿಂದಿನ ನಾಲ್ಕು ಲಕ್ಷ ಎಕರೆಗಳಲ್ಲಿ ಉಳಿದುದು ಐದಾರು ಪಾಲುಗಳಲ್ಲಿ ಒಂದು ಪಾಲು ಮಾತ್ರ. ಬೇಸಿಗೆಯ ಕಾವಲು ಉಳಿದು ಮಳೆಗಾಲದ ಕಾವಲು ಹೋದರೆ, ಉಳಿದುದೂ ಅರ್ಧ ಹೋದಂತೆಯೇ. ಮೂರು ಋತುಗಳ ನಡಿಗೆ ಕಡಿದುಹೋಯಿತು. ಒಂದೇ ಕಾವಲಿನಲ್ಲಿ ವರ್ಷವೆಲ್ಲ ಮಂದೆ ನಿಂತರೆ ಹುಲ್ಲು ಸವೆಯುತ್ತದೆ. ಸವೆದ ನೆ�ಲದಲ್ಲಿ ಮುಳ್ಳುಗಿಡ ಏಳುತ್ತದೆ.

ಕಾವಲಿನ ಮೇಲೆ ಹಕ್ಕು ಯಾರದೆಂಬ ಪ್ರಶ್ನೆಯು ಇತ್ತೀಚಿನ ಒಂದು ಪ್ರಕರಣದಲ್ಲಿ ಬಹಿರಂಗವಾಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ದೊಡ್ಡ ಉಳ್ಳಾರ್ತಿ, ಖುದಾಪುರ, ವರವು ಮೊದಲಾದ ಕಾವಲುಗಳಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕ ಎಕರೆಯನ್ನು ಸುಮಾರು ೨೦೦೮ರಿಂದ ೨೦೧೦ರ ಒಳಗೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಮಂಜೂರು ಮಾಡಲಾಯಿತು. ದಾಖಲೆಯಲ್ಲಿ ಅದು ಸರ್ಕಾರದ ನೆಲ. ವ್ಯವಹಾರದಲ್ಲಿ ಸುತ್ತಣ ಹಳ್ಳಿಗಳ ದನ ಕುರಿಗಳಿಗೆ ಅದೇ ಮೇವು, ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಮನೆಗಳಿಗೆ ಅದೇ ಜೀವನಾಧಾರ. ಬೇಲಿಯೂ ಗೋಡೆಯೂ ಎದ್ದಾಗ ಹಳ್ಳಿಗರು ಪ್ರತಿಭಟಿಸಿದರು. ವಿಷಯವು ರಾಷ್ಟ್ರೀಯ ಹಸುರು ನ್ಯಾಯಮಂಡಳಿಯವರೆಗೂ ಹೋಯಿತು. ಮಂಡಳಿಯು ೨೦೧೪ರಲ್ಲಿ ತೀರ್ಪಿತ್ತಾಗ ಯೋಜನೆಗಳನ್ನು ರದ್ದುಪಡಿಸಲಿಲ್ಲ. ಟಿಪ್ಪುವಿನ ಕಾಲದಲ್ಲಿ ದಂಡಿನ ಎತ್ತುಗಳಿಗೆಂದು ಮೀಸಲಾದ ಸೀಮೆಯಲ್ಲಿ ಈಗ ಚಾಲಕನಿಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತದೆ. ರಾಜ್ಯದ ರಕ್ಷಣೆಗೆ ನೆಲವನ್ನು ಬಳಸುವುದು ಹೊಸದಲ್ಲವೆಂದು ವಾದಿಸುವವರು ಇರಬಹುದು. ಆದರೆ ಎತ್ತುಗಳ ಕಾಲದ ಮೀಸಲಿನಲ್ಲಿ ಹುಲ್ಲಿಗೂ ಮನುಷ್ಯನಿಗೂ ಮೃಗಕ್ಕೂ ಎಡೆಯಿತ್ತು. ಗೋಡೆಯೊಳಗಿನ ಮೀಸಲಿನಲ್ಲಿ ಅದಿಲ್ಲ. ಮೃಗಗಳ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಅಜ್ಜಂಪುರಕ್ಕೆ ದೂರವಲ್ಲದ, ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಅಲ್ಲಿರುವ ಕೃಷ್ಣಮೃಗಗಳ ಸಲುವಾಗಿ ೨೦೧೧ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ದನಕ್ಕಾಗಿ ಕಾಯ್ದ ಬಯಲು ಜಿಂಕೆಯನ್ನೂ ಕಾಯ್ದಿದೆ.

ಅಜ್ಜಂಪುರದ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಗಂಡುಕರುಗಳ ಹರಾಜು ನಡೆಯುತ್ತದೆ. ದಾವಣಗೆರೆ, ಹಾವೇರಿ, ಶಿವಮೊಗ್ಗದ ಕಡೆಗಳಿಂದ ರೈತರು ಬಂದು, ಕೊಂಬಿನ ತಿರುವನ್ನೂ ಕಾಲಿನ ಗೊರಸನ್ನೂ ಪರೀಕ್ಷಿಸಿ, ಜೊತೆ ಕೂಡುವ ಕರುಗಳಿಗಾಗಿ ಪೈಪೋಟಿಯಿಂದ ಕೂಗುತ್ತಾರೆ. ಟ್ರಾಕ್ಟರು ಬಂದ ಮೇಲೆ ಉಳುಮೆಗೆ ಎತ್ತು ಬೇಕೇ ಬೇಕೆಂಬುದಿಲ್ಲ; ಆದರೂ ಬೆಲೆ ಇಳಿದಿಲ್ಲ. ಕೆಲವರು ಹೊಲಕ್ಕೆ, ಕೆಲವರು ಹೋರಿ ಬೆದರಿಸುವ ಹಬ್ಬಕ್ಕೆ, ಕೆಲವರು ಮನೆಯ ಮುಂದೆ ಅಂಥ ಜೋಡಿ ನಿಂತಿರಬೇಕೆಂಬ ಅಭಿಮಾನಕ್ಕಾಗಿಯೇ ಕೊಳ್ಳುತ್ತಾರೆ. ಕೊಂಡ ಕರುವನ್ನು ಹಗ್ಗ ಹಾಕಿ ಹಿಡಿದು ಲಾರಿಗೆ ಏರಿಸುವುದೇ ಒಂದು ಸಾಹಸ. ಅದು ಅದುವರೆಗೆ ಹಗ್ಗವನ್ನು ಕಂಡಿರುವುದಿಲ್ಲ.